ಹಣ್ಣಿನ ನೊಣದ ಮೊಟ್ಟೆಯೊಳಗಣ ಹೊರೆಯಾಳುಗಳು

ಪೀಠಿಕೆ

ಬಿತ್ತನೆಯ ಬೀಜವನ್ನು ಮಣ್ಣಿನಲ್ಲಿ ಯಾವ ಮಗ್ಗುಲಾಗಿ ಹಾಕಿದರೂ ಬೇರು ಕೆಳಕ್ಕೂ ಮೊಳಕೆ ಮೇಲಕ್ಕೂ ಹೊರಡುವುದನ್ನು ರೈತರೆಲ್ಲರೂ ಬಲ್ಲರು. ಬೀಜಕ್ಕೆ ಮೇಲು ಕೆಳಗುಗಳನ್ನು ತಿಳಿಸಿಕೊಡುವುದು ಭೂಮಿಯ ಆಕರ್ಷಣೆ. ಆದರೆ ನೊಣದ ಮೊಟ್ಟೆಯು ಹಣ್ಣಿನ ತಿರುಳಿನಲ್ಲಿ ಅಡ್ಡಲಾಗಿ ಬಿದ್ದಿರಬಹುದು, ತಲೆಕೆಳಗಾಗಿಯೂ ನಿಂತಿರಬಹುದು. ಹೇಗಿದ್ದರೂ ಅದರ ನಿಯತವಾದ ಒಂದು ತುದಿಯಲ್ಲಿಯೇ ತಲೆಯೂ ಮತ್ತೊಂದು ತುದಿಯಲ್ಲಿಯೇ ಬಾಲವೂ ಬೆಳೆಯುವುವು. ಹೊರಗಿನಿಂದ ಯಾರೂ ಹೇಳಿಕೊಡದಿರುವಾಗ ಮೊಟ್ಟೆಗೆ ಈ ಹಿಂದುಮುಂದುಗಳು ಗೊತ್ತಾಗುವುದು ಹೇಗೆ?

ಈ ಪ್ರಶ್ನೆಗೆ ಬಹು ಸ್ಪಷ್ಟವಾದ ಉತ್ತರವು ಹಣ್ಣಿನ ನೊಣದಿಂದ ದೊರೆತಿರುವುದು. ಮೊಟ್ಟೆಯೊಳಗೆ ಹೊರೆ ಹೊತ್ತು ನಡೆಯತಕ್ಕ ಕೆಲವು ಪ್ರೋಟೀನುಗಳುಂಟು. ಇವುಗಳನ್ನು ಚಾಲಕ ಪ್ರೋಟೀನುಗಳೆಂದು ಕರೆಯುವರು. ಇವು ತಮ್ಮ ಸರಕನ್ನು ಸರಿಯಾದ ಸ್ಥಳಕ್ಕೆ ಮುಟ್ಟಿಸಿದರೆ ಮರಿಹುಳುವು ಕ್ರಮವಾಗಿ ಬೆಳೆಯುವುದು. ತಪ್ಪಿದರೆ ತಲೆಯಿಲ್ಲದ, ಹೊಟ್ಟೆಯಿಲ್ಲದ, ಅಥವಾ ಎರಡೂ ಕಡೆ ಬಾಲವುಳ್ಳ ಪಿಂಡವಾಗಿ ಮೊಟ್ಟೆಯಲ್ಲಿಯೇ ಸಾಯುವುದು. ಈ ಹೊರೆಯಾಳುಗಳ ಸಂಗತಿಯನ್ನು ವಾಚಕರಿಗೆ ತಿಳಿಸುವುದು ಈ ಲೇಖನದ ಉದ್ದೇಶವು. ಬೇಸಾಯಗಾರನಿಗೆ ಈ ವಿಷಯದ ಗೊಡವೆ ಏತಕ್ಕೆಂದು ಕೆಲವರು ಕೇಳಬಹುದು. ರೈತರು ಬಳಸುವ ಕೆಲವು ಶಿಲೀಂಧ್ರನಾಶಕಗಳೂ ಕಳೆನಾಶಕಗಳೂ ಕುರಿಗಳಿಗೆ ಕುಡಿಸುವ ಜಂತುಹುಳುವಿನ ಔಷಧವೂ ಈ ಹೊರೆಯಾಳುಗಳು ನಡೆಯುವ ದಾರಿಯನ್ನು ಕಡಿದುಹಾಕುವುದರಿಂದಲೇ ಕೆಲಸಮಾಡುವುವೆಂಬುದನ್ನು ಮುಂದೆ ವಿವರಿಸಲಾಗುವುದು.

ನೊಣದ ಪರಿಚಯ

ಕಳಿತ ಬಾಳೆಯ ಹಣ್ಣಿನ ಸುತ್ತಲೂ, ಹುಳಿತ ಹಣ್ಣಿನ ರಸದ ಮೇಲೂ ಹಾರಾಡುವ, ಸುಮಾರು ೩ ಮಿಲಿಮೀಟರ್ ಉದ್ದದ, ಕೆಂಪು ಕಣ್ಣಿನ ಸಣ್ಣ ನೊಣವನ್ನು ಎಲ್ಲರೂ ನೋಡಿರುವರು. ಇದರ ಶಾಸ್ತ್ರೀಯ ನಾಮವು ಡ್ರೊಸೊಫಿಲ ಮೆಲನೊಗ್ಯಾಸ್ಟರ್. ಮಾವು ಸೀಬೆ ಮೊದಲಾದ ಹಣ್ಣುಗಳನ್ನು ಗಿಡದಲ್ಲಿರುವಾಗಲೇ ಚುಚ್ಚಿ ಮೊಟ್ಟೆಯಿಟ್ಟು ಕೆಡಿಸುವ ಬ್ಯಾಕ್ಟ್ರೊಸೆರ ಎಂಬ ನೊಣವು ಇದಕ್ಕಿಂತ ದೊಡ್ಡದು. ಅದು ಬೇರೊಂದು ಕುಟುಂಬಕ್ಕೆ ಸೇರಿದುದು. ಎರಡನ್ನೂ ಹಣ್ಣಿನ ನೊಣವೆಂದು ಕರೆಯುವುದರಿಂದ ವಾಚಕರು ಒಂದನ್ನು ಮತ್ತೊಂದೆಂದು ತಿಳಿಯಬಾರದು. ಡ್ರೊಸೊಫಿಲದ ಮರಿಹುಳುಗಳು ಸಾಮಾನ್ಯವಾಗಿ ಕೊಳೆಯುವ ಹಣ್ಣಿನ ಮೇಲೆ ಬೆಳೆಯುವ ಹುದುಗುಜೀವಿಗಳನ್ನೇ ತಿಂದು ಬದುಕುವುವು. ಇದೇ ವರ್ಗದ ಡ್ರೊಸೊಫಿಲ ಸುಜುಕಿ ಎಂಬುದು ಮಾತ್ರ ಗರಗಸದಂತಹ ಅಂಗದಿಂದ ಕೆಡದಿರುವ ಮೃದುವಾದ ಹಣ್ಣುಗಳನ್ನೇ ಕೊಯ್ದು ಮೊಟ್ಟೆಯಿಡುವುದು. ಪೂರ್ವ ಏಷ್ಯದ ಈ ನೊಣವು ೨೦೦೮ನೆಯ ಇಸವಿಯಲ್ಲಿ ಯೂರೋಪಿನಲ್ಲಿಯೂ ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿಯೂ ಕಾಣಿಸಿಕೊಂಡು ಸ್ಟ್ರಾಬೆರಿ, ಚೆರ್ರಿ ಮೊದಲಾದ ಬೆಳೆಗಳಿಗೆ ದೊಡ್ಡ ಪೀಡೆಯಾಯಿತು.

ಡ್ರೊಸೊಫಿಲ ನೊಣವನ್ನು ಸಾಕುವುದು ಬಹು ಸುಲಭ. ಒಂದು ಗಾಜಿನ ಸೀಸೆ, ಸ್ವಲ್ಪ ಹಿಟ್ಟಿನ ಗಂಜಿ, ಬೆಲ್ಲ, ಹುದುಗು ಇವಿಷ್ಟೇ ಸಾಕು. ೨೫ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಮೊಟ್ಟೆಯಿಂದ ರೆಕ್ಕೆಯ ನೊಣವಾಗುವುದಕ್ಕೆ ಸುಮಾರು ಹತ್ತು ದಿನಗಳು ಹಿಡಿಯುವುವು. ಅಮೆರಿಕಾದ ನ್ಯೂಯಾರ್ಕ್ ನಗರದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಎಂಬವರು ೧೯೧೦ರಲ್ಲಿ ಬಿಳಿಯ ಕಣ್ಣಿನ ಒಂದು ಗಂಡುನೊಣವನ್ನು ಕಂಡು, ಅದರ ಸಂತತಿಯನ್ನು ಪರೀಕ್ಷಿಸಿ, ವಂಶಗುಣಗಳನ್ನು ಹೊತ್ತಿರುವ ಜೀನುಗಳು ವರ್ಣತಂತುಗಳಲ್ಲಿರುವುವೆಂದು ತೋರಿಸಿದರು. ಅವರಿಗೆ ೧೯೩೩ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಪಿಂಡದ ರಚನೆಯನ್ನು ನಿಯಮಿಸುವ ಜೀನುಗಳನ್ನು ಇದೇ ನೊಣದಲ್ಲಿ ಕಂಡುಹಿಡಿದ ಲೂಯಿಸ್, ನ್ಯೂಸ್ಲೈನ್-ಫೋಲ್ಹಾರ್ಡ್, ವೀಷೌಸ್ ಎಂಬ ಮೂವರಿಗೆ ಅದೇ ಪಾರಿತೋಷಕವು ೧೯೯೫ರಲ್ಲಿ ಸಂದಿತು. ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿಯೂ ಡ್ರೊಸೊಫಿಲದ ತಳಿಗಳನ್ನು ಸಾಕಿ ಕಾಪಾಡುವ ಕೇಂದ್ರವಿರುವುದು.

ಜೀವಕಣದೊಳಗಣ ದಾರಿಗಳೂ ಹೊರೆಯಾಳುಗಳೂ

ಪ್ರಾಣಿಯ ಮೈಯೂ ಗಿಡದ ಮೈಯೂ ಜೀವಕಣಗಳಿಂದ ಕಟ್ಟಲ್ಪಟ್ಟಿರುವುವು. ಜೀವಕಣವೆಂದರೆ ಲೋಳೆಯು ತುಂಬಿದ ಬರಿಯ ಚೀಲವೆಂದು ಹಿಂದೆ ಅನೇಕರು ತಿಳಿದಿದ್ದರು. ವಾಸ್ತವವಾಗಿ ಅದರೊಳಗೆ ಸಂತೆಗೆ ಹೋಗುವ ಬಂಡಿಜಾಡುಗಳಂತೆ ದಾರಿಗಳುಂಟು. ಇವುಗಳಲ್ಲಿ ಮುಖ್ಯವಾದುವು ಸೂಕ್ಷ್ಮನಾಳಗಳು. ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಬಿಲ್ಲೆಗಳು ಒಂದರ ಮೇಲೊಂದು ಜೋಡಿಸಿಕೊಂಡು ಈ ನಾಳಗಳಾಗುವುವು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗಕ್ಕೆ ನ್ಯಾನೊಮೀಟರ್ ಎಂದು ಹೆಸರು. ಸೂಕ್ಷ್ಮನಾಳದ ದಪ್ಪವು ಸುಮಾರು ೨೫ ನ್ಯಾನೊಮೀಟರ್. ಕಬ್ಬಿನ ಜಲ್ಲೆಗಿರುವಂತೆ ಇದಕ್ಕೂ ಬುಡವೂ ತುದಿಯೂ ಉಂಟು. ಬೆಳೆಯುವುದು ಹೆಚ್ಚಾಗಿ ತುದಿಯ ಕಡೆಯಲ್ಲಿಯೇ. ಇವುಗಳಲ್ಲದೆ ಆಕ್ಟಿನ್ ಎಂಬ ಇನ್ನೂ ತೆಳುವಾದ ಎಳೆಗಳೂ ಇರುವುವು.

ಈ ದಾರಿಗಳ ಮೇಲೆ ಕೆಲಸಮಾಡುವ ಹೊರೆಯಾಳುಗಳಲ್ಲಿ ಮೂರು ಪಂಗಡಗಳುಂಟು.

ಮೊದಲನೆಯದು ಕೈನೆಸಿನ್. ಇದನ್ನು ವೇಲ್, ರೀಸ್, ಶೀಟ್ಸ್ ಎಂಬವರು ೧೯೮೫ರಲ್ಲಿ ಅಮೆರಿಕಾದ ವುಡ್ಸ್ ಹೋಲ್ ಎಂಬಲ್ಲಿ ಸಮುದ್ರದ ಸ್ಕ್ವಿಡ್ ಎಂಬ ಪ್ರಾಣಿಯ ನರದಿಂದ ಬೇರ್ಪಡಿಸಿದರು. ಇದು ಪ್ರಾಯಶಃ ನಾಳದ ತುದಿಯ ಕಡೆಗೆ ನಡೆಯುವುದು. ಎರಡನೆಯದು ಡೈನೀನ್. ಗಿಬನ್ಸ್ ಎಂಬವರು ಏಕಕಣಜೀವಿಯೊಂದರ ರೋಮಗಳಿಂದ ಇದನ್ನು ಬೇರ್ಪಡಿಸಿ, ೧೯೬೫ರಲ್ಲಿ ಈ ಹೆಸರನ್ನಿಟ್ಟರು. ಇದು ನಾಳದ ಬುಡದ ಕಡೆಗೆ ನಡೆಯುವುದು. ಮೂರನೆಯದು ಮಯೊಸಿನ್. ನಮ್ಮ ಮಾಂಸಖಂಡಗಳನ್ನು ಎಳೆಯುವುದು ಇದೇ. ಇದು ಆಕ್ಟಿನ್ ಎಳೆಗಳ ಮೇಲೆ ಕೆಲಸಮಾಡತಕ್ಕದ್ದು.

ಕೈನೆಸಿನ್ ಪ್ರೋಟೀನಿಗೆ ಎರಡು ಪಾದಗಳು; ಮೇಲುಗಡೆಯಲ್ಲಿ ಹೊರೆ ಹಿಡಿಯುವ ಬಾಲ. ಒಂದು ಪಾದವನ್ನು ಊರಿ ಮತ್ತೊಂದನ್ನು ಮುಂದಿಡುತ್ತ ಅದು ಮನುಷ್ಯನಂತೆಯೇ ಹೆಜ್ಜೆಹಾಕುವುದು. ಒಂದು ಹೆಜ್ಜೆಯ ಅಳತೆ ೮ ನ್ಯಾನೊಮೀಟರ್. ಟ್ಯೂಬ್ಯುಲಿನ್ ಬಿಲ್ಲೆಯ ಉದ್ದವೂ ಅಷ್ಟೇ ಆಗಿರುವುದು. ಪ್ರತಿ ಹೆಜ್ಜೆಗೂ ಎ.ಟಿ.ಪಿ. ಎಂಬ ಇಂಧನದ ಒಂದು ಅಣುವು ಖರ್ಚಾಗುವುದು. ಸೆಕೆಂಡಿಗೆ ಸುಮಾರು ನೂರು ಹೆಜ್ಜೆಗಳಂತೆ ಇದು ನಡೆಯಬಲ್ಲುದು. ಪೂರ್ತಿ ಬೆಳೆದ ನೊಣದ ಮೊಟ್ಟೆಯು ಅರ್ಧ ಮಿಲಿಮೀಟರ್ ಉದ್ದವಿರುವುದು. ಈ ಕೊನೆಯಿಂದ ಆ ಕೊನೆಗೆ ನೆಟ್ಟಗೆ ನಡೆದರೆ ೬೨,೫೦೦ ಹೆಜ್ಜೆಗಳಾಗುವುವು. ಹತ್ತು ನಿಮಿಷಗಳಿಗೆ ಸ್ವಲ್ಪ ಹೆಚ್ಚಾಗಿ ಕಾಲ ಹಿಡಿಯುವುದು.

ಹದಿನಾರು ಕಣಗಳಲ್ಲಿ ಒಂದೇ ಮೊಟ್ಟೆ

ಹೆಣ್ಣುನೊಣದ ಅಂಡಾಶಯದಲ್ಲಿ ಒಂದು ಜೀವಕಣವು ನಾಲ್ಕು ಸಾರಿ ಒಡೆದು ಹದಿನಾರು ಕಣಗಳಾಗುವುದು. ಒಡೆಯುವಾಗ ಇವು ಪೂರ್ತಿಯಾಗಿ ಬೇರ್ಪಡದೆ, ನಡುವೆ ಸಣ್ಣ ಕಂಡಿಗಳನ್ನು ಉಳಿಸಿಕೊಂಡು ಒಂದೇ ವಠಾರದ ಮನೆಗಳಂತೆ ಸೇರಿಕೊಂಡಿರುವುವು. ಹದಿನಾರರಲ್ಲಿ ಒಂದು ಮಾತ್ರ ಮೊಟ್ಟೆಯಾಗುವುದು. ಮಿಕ್ಕ ಹದಿನೈದು ದಾದಿಕಣಗಳಾಗಿ, ಮೊಟ್ಟೆಗೆ ಬೇಕಾದ ಸಾಮಗ್ರಿಗಳನ್ನು ತಯಾರಿಸಿಕೊಟ್ಟು ಕೊನೆಗೆ ನಾಶವಾಗುವುವು.

ದಾದಿಕಣಗಳಿಂದ ಮೊಟ್ಟೆಗೆ ಈ ಸಾಮಗ್ರಿಯನ್ನು ಸಾಗಿಸುವ ಕೆಲಸವು ಡೈನೀನಿನದು. ಆದರೆ ಡೈನೀನ್ ತಾನಾಗಿಯೇ ಹೊರೆಯನ್ನು ಹಿಡಿಯಲಾರದು. ಬೈಕಾಡಲ್-ಡಿ ಎಂಬ ಮತ್ತೊಂದು ಪ್ರೋಟೀನು ಹೊರೆಯನ್ನು ಅದರ ಬೆನ್ನಿಗೆ ಕಟ್ಟುವ ಹಗ್ಗದಂತೆ ಕೆಲಸಮಾಡುವುದು. ಇಗ್ಯಾಲಿಟೇರಿಯನ್ ಎಂಬ ಮೂರನೆಯ ಪ್ರೋಟೀನು ಹೊರೆಯನ್ನು ಗುರುತಿಸಿ ಆ ಹಗ್ಗಕ್ಕೆ ಒಪ್ಪಿಸುವುದು. ಇವುಗಳಲ್ಲಿ ಒಂದು ಕೆಟ್ಟರೂ ಮೊಟ್ಟೆಯೇ ಹುಟ್ಟುವುದಿಲ್ಲ. ಹದಿನಾರೂ ದಾದಿಕಣಗಳಾಗಿಯೇ ನಿಂತುಹೋಗುವುವು. ಎಲ್ಲವೂ ಸರಿಸಮವಾಗುವುದರಿಂದಲೇ ಆ ಜೀನಿಗೆ ಸಮತಾವಾದಿಯೆಂಬ ಅರ್ಥದ ಇಗ್ಯಾಲಿಟೇರಿಯನ್ ಎಂಬ ಹೆಸರು ಬಂದಿತು. ಸರಕು ಬಂದ ಕಣವು ಮೊಟ್ಟೆಯಾಗುವುದು, ಬಾರದ ಕಣವು ದಾದಿಯಾಗುವುದು. ಹುಟ್ಟಿನಿಂದ ಅಕ್ಕತಂಗಿಯರಾದ ಕಣಗಳ ಹಣೆಬರಹವನ್ನು ಸಾಗಾಣಿಕೆಯೇ ಹೀಗೆ ಗೊತ್ತುಮಾಡುವುದು.

ತಲೆ ಯಾವ ಕಡೆ, ಬಾಲ ಯಾವ ಕಡೆ

ಕಣಕೇಂದ್ರದಲ್ಲಿರುವ ಜೀನಿನ ಆಜ್ಞೆಯನ್ನು ನಕಲುಮಾಡಿಕೊಂಡು ಹೊರಗೆ ಬರುವ ಓಲೆಗೆ ಸಂದೇಶವಾಹಕ ಆರ್.ಎನ್.ಎ. ಎಂದು ಹೆಸರು. ಈ ಓಲೆಯನ್ನು ಓದಿ ಜೀವಕಣವು ಪ್ರೋಟೀನನ್ನು ತಯಾರಿಸುವುದು. ಆದುದರಿಂದ ಓಲೆಯು ಎಲ್ಲಿಗೆ ಮುಟ್ಟುವುದೋ ಪ್ರೋಟೀನು ಅಲ್ಲಿಯೇ ಹುಟ್ಟುವುದು. ನೊಣದ ಮೊಟ್ಟೆಯಲ್ಲಿ ಇಂತಹ ಓಲೆಗಳಲ್ಲಿ ಮೂರು ಬಹು ಮುಖ್ಯವಾದುವು.

ಬೈಕಾಯ್ಡ್ ಎಂಬ ಓಲೆಯನ್ನು ಡೈನೀನ್ ಹೊತ್ತು ಮೊಟ್ಟೆಯ ಮುಂತುದಿಯಲ್ಲಿ ನಿಲ್ಲಿಸುವುದು. ಅದರಿಂದ ಹುಟ್ಟುವ ಪ್ರೋಟೀನು ಮುಂತುದಿಯಲ್ಲಿ ದಟ್ಟವಾಗಿಯೂ ಹಿಂದೆ ಹೋದಂತೆಲ್ಲ ವಿರಳವಾಗಿಯೂ ಹರಡಿರುವುದೆಂಬುದನ್ನು ಜರ್ಮನಿಯಲ್ಲಿ ಡ್ರೀವರ್, ನ್ಯೂಸ್ಲೈನ್-ಫೋಲ್ಹಾರ್ಡ್ ಇವರು ೧೯೮೮ರಲ್ಲಿ ತೋರಿಸಿದರು. ದಟ್ಟವಾಗಿರುವಲ್ಲಿ ತಲೆಯೂ ಅದರ ಹಿಂದೆ ಎದೆಯೂ ಬೆಳೆಯುವುವು. ತಾಯಿಯಲ್ಲಿ ಈ ಜೀನು ಕೆಟ್ಟಿದ್ದರೆ ಮರಿಗೆ ತಲೆಯೂ ಎದೆಯೂ ಇರುವುದಿಲ್ಲ.

ಎರಡನೆಯದು ಆಸ್ಕರ್ ಎಂಬ ಓಲೆ. ಇದರ ಜೀನು ಕೆಟ್ಟಾಗ ಮರಿಗೆ ಹೊಟ್ಟೆಯ ಭಾಗವು ಬೆಳೆಯದಿರುವುದರಿಂದ, ಬೆಳೆಯಲೊಲ್ಲೆನೆಂದು ಹಟಹಿಡಿದ ಜರ್ಮನ್ ಕಾದಂಬರಿಯ ಹುಡುಗನೊಬ್ಬನ ಹೆಸರನ್ನು ಇದಕ್ಕೆ ಇಟ್ಟಿರುವರು. ಈ ಓಲೆಯ ಪ್ರಯಾಣದಲ್ಲಿ ಎರಡು ಮಜಲುಗಳುಂಟು. ದಾದಿಕಣದಿಂದ ಮೊಟ್ಟೆಯವರೆಗೆ ಡೈನೀನ್ ತರುವುದು. ಮೊಟ್ಟೆಯೊಳಗೆ ಕೈನೆಸಿನ್ ಅದನ್ನು ವಹಿಸಿಕೊಂಡು ಹಿಂತುದಿಗೆ ಒಯ್ಯುವುದು. ಕೈನೆಸಿನ್ ಕೆಟ್ಟ ಮೊಟ್ಟೆಗಳಲ್ಲಿ ಆಸ್ಕರ್ ಹಿಂತುದಿಗೆ ಹೋಗದೆ ಮುಂಭಾಗದಲ್ಲಿಯೇ ಉಳಿದುಬಿಡುವುದೆಂದು ಬ್ರೆಂಡ್ಜಾ, ಸ್ಯಾಕ್ಸ್‌ಟನ್ ಮೊದಲಾದವರು ೨೦೦೦ದಲ್ಲಿ ಪ್ರಕಟಿಸಿದರು. ದಾರಿಯಲ್ಲಿ ಈ ಓಲೆಯನ್ನು ಯಾರೂ ಓದದಂತೆ ಬ್ರೂನೊ ಎಂಬ ಪ್ರೋಟೀನು ಅದಕ್ಕೆ ಮುದ್ರೆಯೊತ್ತಿರುವುದು; ಹಿಂತುದಿಯನ್ನು ಮುಟ್ಟಿದ ಮೇಲೆಯೇ ಮುದ್ರೆಯು ಒಡೆಯುವುದು.

ಓಲೆಯು ಸ್ಥಳತಪ್ಪಿದರೆ ಆಗುವ ಪರಿಣಾಮವು ವಿಸ್ಮಯಕರವಾದುದು. ಎಫ್ರುಸಿ, ಲೇಮನ್ ಎಂಬ ಇಬ್ಬರು ವಿದುಷಿಯರು ಆಸ್ಕರ್ ಓಲೆಗೆ ಬೈಕಾಯ್ಡ್ ಓಲೆಯ ವಿಳಾಸವನ್ನು ಅಂಟಿಸಿ, ಅದು ಮುಂತುದಿಗೆ ಹೋಗುವಂತೆ ಮಾಡಿದರು. ಆ ಮರಿಗಳಲ್ಲಿ ತಲೆಯಿರಬೇಕಾದ ಸ್ಥಳದಲ್ಲಿ ಎರಡನೆಯ ಹೊಟ್ಟೆಯೂ ಸಂತಾನಕಣಗಳೂ ಬೆಳೆದುವು. ೧೯೯೨ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ಅಂಗವು ಎಲ್ಲಿ ಬೆಳೆಯಬೇಕೆಂಬುದು ಓಲೆಯ ವಿಳಾಸವನ್ನೂ ಅದನ್ನು ಒಯ್ಯುವ ಆಳನ್ನೂ ಅವಲಂಬಿಸಿದೆಯೆಂಬುದು ಸಂದೇಹವಿಲ್ಲದೆ ಸಿದ್ಧವಾಯಿತು.

ಈ ಹೊರೆಯಾಳುಗಳು ಗುರಿಯ ಕಡೆಗೆ ನೆಟ್ಟಗೆ ಓಡುವುವೆಂದು ತಿಳಿಯಬಾರದು. ಬದುಕಿರುವ ಮೊಟ್ಟೆಯಲ್ಲಿ ಆಸ್ಕರ್ ಕಣಿಕೆಗಳ ಚಲನೆಯನ್ನು ಸೂಕ್ಷ್ಮದರ್ಶಕದಿಂದ ನೋಡಿದವರು ೨೦೦೮ರಲ್ಲಿ ತಿಳಿಸಿರುವುದೇನೆಂದರೆ, ಅವು ಎಲ್ಲ ದಿಕ್ಕುಗಳಿಗೂ ಹೋಗುವುವು. ಹಿಂತುದಿಯ ಕಡೆಗೆ ಹೋಗುವುವು ಮಿಕ್ಕವುಗಳಿಗಿಂತ ಸ್ವಲ್ಪ ಮಾತ್ರ ಹೆಚ್ಚು. ಮೊಟ್ಟೆಯಲ್ಲಿ ಸೂಕ್ಷ್ಮನಾಳಗಳ ತುದಿಗಳು ಹಿಂಬದಿಗೆ ಸ್ವಲ್ಪ ಹೆಚ್ಚಾಗಿ ತಿರುಗಿರುವುದೇ ಇದಕ್ಕೆ ಕಾರಣವು. ಹೊಲಕ್ಕೆ ಅಲ್ಪವಾದ ಇಳಿಜಾರಿದ್ದರೂ ಸಾಕು, ನೀರೆಲ್ಲವೂ ಕೊನೆಗೆ ಒಂದೇ ಮೂಲೆಗೆ ಸೇರುವುದನ್ನು ರೈತರು ನೋಡಿಲ್ಲವೇ? ಇದೂ ಅದರಂತೆಯೇ.

ಬೆನ್ನೂ ಹೊಟ್ಟೆಯೂ

ಮೂರನೆಯ ಓಲೆಯು ಗುರ್ಕನ್. ಈ ಜೀನು ಕೆಟ್ಟ ನೊಣಗಳ ಮೊಟ್ಟೆಗೆ ಬೆನ್ನಿನ ಕಡೆಯ ಎರಡು ಕೊಂಬುಗಳಿಲ್ಲದೆ ಸೌತೆಕಾಯಿಯಂತೆ ಕಾಣುವುದರಿಂದ, ಸೌತೆಕಾಯಿಗಳೆಂಬ ಅರ್ಥದ ಜರ್ಮನ್ ಹೆಸರು ಬಂದಿತು. ಮೊಟ್ಟೆಯು ಬೆಳೆಯುತ್ತಿರುವಾಗ ಅದರ ಕಣಕೇಂದ್ರವನ್ನು ಸೂಕ್ಷ್ಮನಾಳಗಳು ತಳ್ಳಿ ಮುಂಭಾಗದ ಒಂದು ಮೂಲೆಗೆ ಸೇರಿಸುವುವು. ಡೈನೀನ್ ಗುರ್ಕನ್ ಓಲೆಯನ್ನು ಆ ಮೂಲೆಗೆ ಒಯ್ಯುವುದು. ಯಾವ ಪಕ್ಕದಲ್ಲಿ ಗುರ್ಕನ್ ಪ್ರೋಟೀನು ಹುಟ್ಟುವುದೋ ಆ ಪಕ್ಕವು ಬೆನ್ನಾಗುವುದು. ಎದುರಿನ ಪಕ್ಕವು ಹೊಟ್ಟೆಯಾಗುವುದು.

ಇಷ್ಟಾದ ಮೇಲೆ ದಾದಿಕಣಗಳು ಕುಗ್ಗಿ ತಮ್ಮಲ್ಲಿ ಉಳಿದ ರಸವನ್ನೆಲ್ಲ ಕಂಡಿಗಳ ಮೂಲಕ ಮೊಟ್ಟೆಗೆ ಸುರಿದುಬಿಡುವುವು. ಹಾಲು ಕರೆಯುವಾಗ ಕೆಚ್ಚಲನ್ನು ಹಿಂಡುವಂತೆ ಇವುಗಳನ್ನು ಹಿಂಡುವ ಕೆಲಸದಲ್ಲಿ ಮಯೊಸಿನಿನ ಪಾಲುಂಟು. ಆ ಸಮಯಕ್ಕೆ ಮೊಟ್ಟೆಯೊಳಗಣ ರಸವು ಕಡೆಗೋಲಿಟ್ಟು ಕಡೆದ ಮಜ್ಜಿಗೆಯಂತೆ ಸುತ್ತತೊಡಗುವುದು. ಈ ಕಡೆಗೋಲನ್ನು ಎಳೆಯುವುದು ಕೈನೆಸಿನ್. ಅದಿಲ್ಲದಿದ್ದರೆ ರಸವು ಸುತ್ತದೆ ನಿಂತುಹೋಗುವುದು.

ಪಿಂಡದ ಬೆಳವಣಿಗೆ

ಗಂಡಿನ ವೀರ್ಯಕಣವು ಮೊಟ್ಟೆಯನ್ನು ಸೇರಿದ ಮೇಲೆ ಕಣಕೇಂದ್ರವು ಒಡೆಯುವುದಕ್ಕೆ ಮೊದಲಾಗುವುದು. ಗೋಡೆಗಳಿಲ್ಲದ ಒಂದೇ ಚೀಲದಲ್ಲಿ ಕಣಕೇಂದ್ರಗಳು ಹದಿಮೂರು ಸಾರಿ ಇಮ್ಮಡಿಯಾಗುವುವು. ಮೊದಮೊದಲಿನ ವಿಭಜನೆಗಳಿಗೆ ಒಂದೊಂದಕ್ಕೆ ಸುಮಾರು ೮-೯ ನಿಮಿಷಗಳು ಮಾತ್ರ ಸಾಕು. ಕೊನೆಗೆ ಸುಮಾರು ೬,೦೦೦ ಕಣಕೇಂದ್ರಗಳು ಮೊಟ್ಟೆಯ ಮೇಲ್ಮೈಗೆ ಬಂದು ಒಂದೊಂದಕ್ಕೂ ಗೋಡೆಯು ಕಟ್ಟಲ್ಪಡುವುದು.

ಪ್ರತಿಯೊಂದು ವಿಭಜನೆಯಲ್ಲಿಯೂ ವರ್ಣತಂತುಗಳು ಎರಡು ಸಮಪಾಲುಗಳಾಗಿ ಹಂಚಿಹೋಗಬೇಕು. ಸೂಕ್ಷ್ಮನಾಳಗಳಿಂದ ಕಟ್ಟಿದ ಕದಿರಿನಂತಹ ರಚನೆಯೊಂದು ಈ ಪಾಲನ್ನು ನಡೆಸಿಕೊಡುವುದು. ಕೆಎಲ್‌ಪಿ೬೧ಎಫ್ ಎಂಬ ಕೈನೆಸಿನ್ ಕದಿರಿನ ಎರಡು ಕೊನೆಗಳನ್ನು ದೂರ ತಳ್ಳುವುದು. ಅದು ಕೆಟ್ಟರೆ ಎರಡು ಕೊನೆಗಳು ಬೇರ್ಪಡದೆ ಒಂದೇ ಆಗಿ ಉಳಿಯುವುವು. ಎನ್‌ಸಿಡಿ ಎಂಬ ಮತ್ತೊಂದು ಕೈನೆಸಿನ್ ಜಾತಿಗೆ ವಿರುದ್ಧವಾಗಿ ಬುಡದ ಕಡೆಗೆ ನಡೆಯುವುದೆಂದು ೧೯೯೦ರಲ್ಲಿ ಕಂಡುಬಂದಿತು. ಇದು ಕೆಟ್ಟ ಹೆಣ್ಣುನೊಣಗಳ ಸಂತತಿಯಲ್ಲಿ ವರ್ಣತಂತುಗಳು ಕಳೆದುಹೋಗುವುವು. ಈ ನೊಣದಲ್ಲಿ ಸುಮಾರು ೨೫ ಬಗೆಯ ಕೈನೆಸಿನ್ನುಗಳಿರುವುವು. ಒಂದೊಂದಕ್ಕೂ ಅದರದೇ ಆದ ಕಸುಬುಂಟು.

ಕಣಗಳು ಸಿದ್ಧವಾದ ಮೇಲೆ ಮೈಯನ್ನು ಮಡಿಸುವ ಕೆಲಸವು ಮಯೊಸಿನಿಗೆ ಸೇರಿದುದು. ಹೊಟ್ಟೆಯ ಕಡೆಯ ಸುಮಾರು ಒಂದು ಸಾವಿರ ಕಣಗಳು ತಮ್ಮ ಹೊರಮುಖವನ್ನು ಬಿಗಿದು ಒಳಕ್ಕೆ ಕುಸಿದು ಒಂದು ಸಾಲಾಗುವುವು. ಚೀಲದ ಬಾಯಿಗೆ ಹಾಕಿದ ದಾರವನ್ನು ಎಳೆದು, ತಡೆದು, ಮತ್ತೆ ಎಳೆಯುವಂತೆ ಮಯೊಸಿನ್ ಬಿಟ್ಟುಬಿಟ್ಟು ಎಳೆಯುವುದೆಂದು ೨೦೦೯ರಲ್ಲಿ ತಿಳಿದುಬಂದಿತು. ಒಳಗೆ ಹೋದ ಈ ಕಣಗಳಿಂದಲೇ ಮುಂದೆ ಮಾಂಸಖಂಡಗಳು ಬೆಳೆಯುವುವು. ಆಮೇಲೆ ಪಿಂಡದ ಬೆನ್ನಿನ ಕಡೆಯಲ್ಲಿ ತೆರೆದಿರುವ ಭಾಗವನ್ನು ಎರಡು ಪಕ್ಕಗಳಿಂದ ಚರ್ಮವು ಬಂದು ಮುಚ್ಚುವುದಕ್ಕೂ ಮಯೊಸಿನೇ ಬೇಕು. ಅದು ಕೆಟ್ಟ ಪಿಂಡದ ಬೆನ್ನು ಬಾಯಿ ಹೊಲಿಯದ ಗೋಣಿಚೀಲದಂತೆ ತೆರೆದೇ ಇರುವುದು.

ಎಡಬಲಗಳನ್ನು ಗೊತ್ತುಮಾಡುವುದೂ ಮಯೊಸಿನ್ ವರ್ಗದ್ದೇ ಆದ ಒಂದು ಪ್ರೋಟೀನು. ಗಂಡುನೊಣದ ಹಿಂತುದಿಯ ಅಂಗಗಳು ಕೋಶಾವಸ್ಥೆಯಲ್ಲಿ ಪೂರ್ತಿ ಒಂದು ಸುತ್ತು ಒಂದೇ ದಿಕ್ಕಿಗೆ ತಿರುಗುವುವು. ಮಯೊಸಿನ್-೧ಡಿ ಕೆಟ್ಟಿದ್ದರೆ ಈ ಸುತ್ತು ತಿರುವುಮುರುವಾಗುವುದೆಂದು ಫ್ರಾನ್ಸ್ ಮತ್ತು ಜಪಾನ್ ದೇಶಗಳ ಸಂಶೋಧಕರು ೨೦೦೬ರಲ್ಲಿ ಬೇರೆಬೇರೆಯಾಗಿ ಪ್ರಕಟಿಸಿದರು. ೨೦೧೮ರ ಪ್ರಯೋಗವೊಂದರಲ್ಲಿ, ಎಡಬಲಗಳ ಭೇದವಿಲ್ಲದ ಭಾಗಗಳಲ್ಲಿ ಇದೊಂದೇ ಪ್ರೋಟೀನನ್ನು ಹುಟ್ಟಿಸಿದಾಗ ಮರಿಹುಳುವಿನ ಇಡೀ ಮೈಯೇ ತಿರುಚಿಕೊಂಡಿತು.

ನರಗಳಲ್ಲಿಯೂ ಇದೇ ಕೆಲಸ

ಮೈಯು ಕಟ್ಟಲ್ಪಟ್ಟ ಮೇಲೆಯೂ ಹೊರೆಯಾಳುಗಳಿಗೆ ಬಿಡುವಿಲ್ಲ. ನರಕಣಗಳು ಬಹಳ ಉದ್ದವಾದ ಕಣಗಳು. ತಲೆಯ ಬಳಿ ತಯಾರಾದ ಪದಾರ್ಥವು ಬಾಲದ ತನಕ ಹೋಗಬೇಕಾಗುವುದು. ಕೈನೆಸಿನ್ ಕೆಟ್ಟ ಮರಿಹುಳುಗಳು ತೆವಳುವಾಗ ಬಾಲವನ್ನು ಮೇಲಕ್ಕೆ ಎತ್ತಿ ಒದರುವುವು. ಮೈಯ ಹಿಂಭಾಗವು ಸ್ವಾಧೀನ ತಪ್ಪುವುದು. ಇವುಗಳ ನರಗಳಲ್ಲಿ ಸಾಮಾನು ಕಟ್ಟಿಕೊಂಡು ಗಂಟುಗಂಟಾಗಿರುವುದನ್ನು ೧೯೯೬ರಲ್ಲಿ ವಿವರಿಸಲಾಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಅನೇಕ ವರ್ಷಗಳು ಈ ವಿಷಯದಲ್ಲಿ ದುಡಿದ ಕೃಶಾನು ರೇ ಅವರೂ ಅವರ ಸಹೋದ್ಯೋಗಿಗಳೂ, ನರಗಳ ಸಂದೇಶಕ್ಕೆ ಅಗತ್ಯವಾದ ಒಂದು ಕಿಣ್ವವನ್ನು ಸಾಗಿಸುವುದಕ್ಕೆ ಎರಡನೆಯ ಪಂಗಡದ ಕೈನೆಸಿನ್ ಬೇಕೆಂಬುದನ್ನು ೧೯೯೯ರಲ್ಲಿ ಈ ನೊಣದಲ್ಲಿಯೇ ತೋರಿಸಿದರು.

ನೊಣದಲ್ಲಿ ಮೊಟ್ಟೆಗೆ ಹೊರೆ ಕಟ್ಟುವ ಬೈಕಾಡಲ್-ಡಿ ಪ್ರೋಟೀನಿನ ಸೋದರನು ಮನುಷ್ಯರಲ್ಲಿಯೂ ಉಂಟು. ಅದರಲ್ಲಿ ದೋಷವಿದ್ದರೆ ಕಾಲಿನ ಮಾಂಸಖಂಡಗಳು ಸೊರಗುವ ವಂಶಪಾರಂಪರ್ಯ ರೋಗವು ಉಂಟಾಗುವುದೆಂದು ೨೦೧೩ರಲ್ಲಿ ಗೊತ್ತಾಯಿತು. ಕೊಳೆತ ಹಣ್ಣಿನ ಮೇಲಣ ನೊಣದ ಪರೀಕ್ಷೆಯು ಮಕ್ಕಳ ರೋಗದ ಕಾರಣವನ್ನು ತಿಳಿಯುವುದಕ್ಕೆ ದಾರಿಮಾಡಿಕೊಟ್ಟುದು ಹೀಗೆ.

ಬೇಸಾಯಕ್ಕೂ ಇದಕ್ಕೂ ಸಂಬಂಧ

ಸೂಕ್ಷ್ಮನಾಳಗಳೂ ಹೊರೆಯಾಳುಗಳೂ ನೊಣದಲ್ಲಿ ಮಾತ್ರವಲ್ಲದೆ ಗಿಡ, ಬೂಷ್ಟು, ಜಂತುಹುಳು ಎಲ್ಲದರಲ್ಲಿಯೂ ಇರುವುವು. ಆದುದರಿಂದಲೇ ಕೆಳಗಣ ಅಂಶಗಳನ್ನು ರೈತರು ಗಮನಿಸತಕ್ಕದ್ದು.

(೧) ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕವು ಬೂಷ್ಟಿನ ಟ್ಯೂಬ್ಯುಲಿನ್ ಬಿಲ್ಲೆಗೆ ಅಂಟಿಕೊಂಡು ನಾಳವು ಕಟ್ಟದಂತೆ ಮಾಡುವುದು. ದಾರಿಯಿಲ್ಲದ ಮೇಲೆ ವರ್ಣತಂತುಗಳು ಹಂಚಿಕೆಯಾಗವು, ಬೂಷ್ಟು ಬೆಳೆಯಲಾರದು. ಪೆಂಡಿಮೆಥಾಲಿನ್ ಎಂಬ ಕಳೆನಾಶಕವು ಮೊಳೆಯುವ ಕಳೆಗಳ ಟ್ಯೂಬ್ಯುಲಿನ್ನಿಗೆ ಇದೇ ಗತಿಯನ್ನು ತರುವುದು. ಕುರಿ ಮೇಕೆಗಳಿಗೆ ಕುಡಿಸುವ ಆಲ್ಬೆಂಡಜೋಲ್ ಜಂತುಹುಳುವಿನಲ್ಲಿ ಅದನ್ನೇ ಮಾಡುವುದು.

(೨) ಇಂತಹ ಔಷಧಗಳಿಗೆ ಒಂದು ದೊಡ್ಡ ಬಲಹೀನತೆಯುಂಟು. ಟ್ಯೂಬ್ಯುಲಿನ್ ಪ್ರೋಟೀನು ನೂರಾರು ಅಮೈನೊ ಆಮ್ಲಗಳ ಸರಪಣಿ. ಅದರಲ್ಲಿ ೧೯೮ನೆಯ ಅಥವಾ ೨೦೦ನೆಯ ಕೊಂಡಿಯೊಂದು ಬದಲಾದರೆ ಸಾಕು, ಕಾರ್ಬೆಂಡಜಿಮ್ ಬೂಷ್ಟಿಗೆ ತಾಗದೆ ಹೋಗಬಹುದು. ಕುರಿಯ ಹೊಟ್ಟೆಯಲ್ಲಿ ರಕ್ತ ಹೀರುವ ಜಂತುಹುಳುಗಳಲ್ಲಿಯೂ ೨೦೦ನೆಯ ಕೊಂಡಿಯ ಬದಲಾವಣೆಯಿಂದ ಔಷಧವು ನಿಷ್ಫಲವಾಗಿರುವುದು ಅನೇಕ ದೇಶಗಳಲ್ಲಿ ಕಂಡುಬಂದಿದೆ. ಒಂದೇ ಔಷಧವನ್ನು ಸಾರಿಸಾರಿಗೂ ಹಾಕಿದರೆ ಕೊಂಡಿ ಬದಲಾದವು ಮಾತ್ರ ಬದುಕಿ ಹೆಚ್ಚುವುವು. ಹೆಸರು ಬೇರೆಯಾಗಿದ್ದರೂ ಕೆಲಸಮಾಡುವ ರೀತಿಯು 

ಒಂದೇ ಆಗಿರುವ ಔಷಧಗಳನ್ನು ಬದಲಾಯಿಸಿ ಬಳಸುವುದರಿಂದ ಪ್ರಯೋಜನವಿಲ್ಲ. ಆದಕಾರಣ ಬೇರೆ ರೀತಿಯಲ್ಲಿ ಕೆಲಸಮಾಡುವ ಔಷಧವನ್ನು ಸರದಿಯ ಮೇಲೆ ಬಳಸುವುದೂ, ಗೊತ್ತಾದ ಪ್ರಮಾಣವನ್ನು ಮೀರದೆಯೂ ಕುಗ್ಗಿಸದೆಯೂ ಹಾಕುವುದೂ ಅವಶ್ಯಕ.

(೩) ದಾರಿಯನ್ನು ಬಿಟ್ಟು ಹೊರೆಯಾಳನ್ನೇ ತಡೆಯುವ ಔಷಧವೂ ಬಂದಿರುವುದು. ಚೀನಾದಲ್ಲಿ ಗೋಧಿಯ ತೆನೆಗೆ ಬೀಳುವ ಫ್ಯುಸೇರಿಯಂ ರೋಗಕ್ಕೆ ಬಳಸುವ ಫೆನಮಾಕ್ರಿಲ್ ಎಂಬುದು ಆ ಬೂಷ್ಟಿನ ಮಯೊಸಿನನ್ನು ನಿಲ್ಲಿಸುವುದೆಂದು ೨೦೧೫ರಲ್ಲಿ ಪ್ರಕಟವಾಯಿತು. ಔಷಧಕ್ಕೆ ಜಗ್ಗದ ಬೂಷ್ಟಿನ ಮಯೊಸಿನ್ ಜೀನಿನಲ್ಲಿ ಬದಲಾವಣೆಯಿದ್ದುದರಿಂದಲೇ ಈ ಸಂಗತಿಯು ಬೆಳಕಿಗೆ ಬಂದಿತು. ಆದುದರಿಂದ ಈ ಹೊಸ ಬಗೆಯ ಔಷಧಕ್ಕೂ ಮೇಲಣ ಎಚ್ಚರಿಕೆಯು ಅನ್ವಯಿಸುವುದು.

(೪) ಬತ್ತದಲ್ಲಿ ಕೈನೆಸಿನ್ ವರ್ಗದ ಒಂದು ಜೀನು ಕೆಟ್ಟರೆ ಕಾಳು ಗಿಡ್ಡವಾಗಿಯೂ ಗುಂಡಾಗಿಯೂ ಆಗುವುದೆಂದು ಜಪಾನಿನ ಸಂಶೋಧಕರು ೨೦೧೦ರಲ್ಲಿ ತೋರಿಸಿರುವರು. ಕಾಳಿನ ಉದ್ದವು ಕಣಗಳ ಉದ್ದವನ್ನು ಅವಲಂಬಿಸಿರುವುದೇ ಇದಕ್ಕೆ ಕಾರಣ.

(೫) ವೀರ್ಯಕಣದ ಬಾಲದೊಳಗೂ ಸೂಕ್ಷ್ಮನಾಳಗಳಿದ್ದು, ಡೈನೀನ್ ಅವುಗಳನ್ನು ಎಳೆದು ಬಾಲವನ್ನು ಬಡಿಯುವಂತೆ ಮಾಡುವುದು. ಗಂಡುನೊಣದ ವೀರ್ಯಕಣಕ್ಕೆ ಮಾತ್ರ ಬೇಕಾದ ಟ್ಯೂಬ್ಯುಲಿನ್ ಜೀನನ್ನು ಕೆಡಿಸಿ ಬಂಜೆಗಂಡುಗಳನ್ನು ಹುಟ್ಟಿಸುವ ವಿಧಾನವನ್ನು ೨೦೧೯ರಲ್ಲಿ ಡ್ರೊಸೊಫಿಲದ ಮೇಲೆ ಪ್ರಯೋಗಿಸಿ ತೋರಿಸಲಾಯಿತು. ಬಂಜೆಗಂಡುಗಳನ್ನು ಬಿಟ್ಟು ಪೀಡೆಯನ್ನು ಕುಗ್ಗಿಸುವ ಕ್ರಮವು ಹಿಂದಿನಿಂದಲೂ ಇರುವುದು. ಹಿಂದೆ ಅದಕ್ಕೆ ವಿಕಿರಣವನ್ನು ಬಳಸುತ್ತಿದ್ದರು. ಹೊಸ ವಿಧಾನವು ಬೆಳೆಯನ್ನು ಕೆಡಿಸುವ ನೊಣಗಳಿಗೂ ಹೊಂದಿದರೆ ವಿಷವಿಲ್ಲದೆ ಪೀಡೆಯನ್ನು ತಗ್ಗಿಸುವ ಮಾರ್ಗವೊಂದು ಹೆಚ್ಚುವುದು.

ಉಪಸಂಹಾರ

ಜೀನುಗಳು ಎಷ್ಟೇ ಉತ್ತಮವಾಗಿದ್ದರೂ ಅವುಗಳ ಆಜ್ಞೆಯನ್ನು ತಕ್ಕ ಸ್ಥಳಕ್ಕೆ ಮುಟ್ಟಿಸುವವರಿಲ್ಲದಿದ್ದರೆ ಮೈಯು ಕಟ್ಟಲ್ಪಡುವುದಿಲ್ಲವೆಂಬುದು ಮೇಲಣ ಪ್ರಯೋಗಗಳ ಸಾರಾಂಶವು. ಕಣಜದಲ್ಲಿ ಎಷ್ಟು ಬೀಜವಿದ್ದರೂ ಹೊಲಕ್ಕೆ ಸಕಾಲದಲ್ಲಿ ಹೋಗದಿದ್ದರೆ ಬೆಳೆಯಿಲ್ಲ. ಹೋದುದು ಬೇರೆಯವರ ಹೊಲಕ್ಕೆ ಹೋದರೂ ನಮಗೆ ಬೆಳೆಯಿಲ್ಲ. ಔಷಧದ ಡಬ್ಬಿಯನ್ನು ತೆರೆಯುವಾಗ ಅದು ಪೀಡೆಯ ಮೈಯಲ್ಲಿ ಯಾವ ದಾರಿಯನ್ನು ಕಡಿಯುವುದು, ಯಾವ ಆಳನ್ನು ತಡೆಯುವುದು ಎಂಬುದನ್ನು ವಿಚಾರಿಸಿ ತಿಳಿದು ಬಳಸುವ ರೈತನಿಗೆ ಆ ಔಷಧವು ಬಹುಕಾಲ ನೆರವಾಗುವುದು. ವಿಚಾರಿಸದೆ ಸುರಿಯುವವನಿಗೆ ಕೆಲವು ವರ್ಷಗಳಲ್ಲಿಯೇ ಅದು ಬರಿಯ ನೀರಾಗುವುದು. ಸಂದೇಹವಿರುವವರು ತಮ್ಮ ಹೋಬಳಿಯ ರೈತಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಮುಂದುವರಿಯತಕ್ಕದ್ದು.